ಕಾಲಿಗೊಂದು ಬಾಣಂತನ

ನಮ್ಮ ನಾಡಿನಲ್ಲಿ ಪಾದಕ್ಕೆ ಸಲ್ಲುವಷ್ಟು ಗೌರವ ಶರೀರದ ಮತ್ತಾವ ಅವಯವಕ್ಕೂ ಸಲ್ಲುವುದಿಲ್ಲ. ಗುರುಹಿರಿಯರಿಗೆ ನಾವು ನಮಸ್ಕರಿಸುವುದು ಅವರ ಪಾದಕ್ಕೆ. ದೇವರಲ್ಲಿ ಬೇಡುವುದು ಪಾದಸೇವೆಯನ್ನು. ಮನೆಗೆ ಬಂದವರಿಗೆ ಮೊದಲು ಕೊಡುವುದು ಕಾಲಿಗೆ ನೀರು. ಭರತನು ಹದಿನಾಲ್ಕು ವರ್ಷ ರಾಜ್ಯಭಾರ ನಡೆಸಿದ್ದು ಸಿಂಹಾಸನದ ಮೇಲೆ ಅಣ್ಣನ ಕಿರೀಟವನ್ನಿಟ್ಟಲ್ಲ, ಪಾದುಕೆಗಳನ್ನಿಟ್ಟು. ಆದರೆ ಈ ಗೌರವವೆಲ್ಲ ಪರರ ಪಾದಕ್ಕೆ ಮೀಸಲು. ಸ್ವಂತ ಪಾದದ ಮಟ್ಟಿಗೆ ನಮ್ಮದು ಕೇವಲ ನಿರ್ಲಕ್ಷ್ಯ. ಮುಖಕ್ಕೆ ಕನ್ನಡಿಯುಂಟು, ತಲೆಗೆ ಎಣ್ಣೆಯುಂಟು, ಕೈಗೆ ಬಳೆಯುಂಟು; ಪಾದಕ್ಕೆ ಧೂಳುಂಟು. ಅದು ನೋಯುವವರೆಗೆ ಅಂಥದೊಂದು ನಮಗಿದೆ ಎಂಬುದೇ ನೆನಪಿಗೆ ಬರುವುದಿಲ್ಲ. ಹೆಂಗಸರಿಗಂತೂ ನೋಯತೊಡಗಿದ ಮೇಲೂ ಹತ್ತು ವರ್ಷ ನೆನಪಿಗೆ ಬರುವುದಿಲ್ಲ.

ಇತಿಹಾಸದ ಅಧ್ಯಾಪಕಿಯಾದ ನಾನು ರಾಜರನ್ನೂ ಶಾಸನಗಳನ್ನೂ ಬಿಟ್ಟು ಕಾಲಿನ ವಿಷಯ ಬರೆಯಹೊರಟದ್ದನ್ನು ಕಂಡು ವಿದ್ಯಾರ್ಥಿ ಮಿತ್ರರು ನಗಬಹುದು. ಕಾರಣ ಸರಳವಾದದ್ದು. ಈ ವರ್ಷ ನನ್ನ ಬಲಗಾಲಿನ ಹೆಬ್ಬೆರಳ ಬುಡದ ಗಂಟಿಗೆ ಶಸ್ತ್ರಚಿಕಿತ್ಸೆಯಾಗಿ, ಒಂದೂವರೆ ತಿಂಗಳು ನಾನು ಮನೆಯಲ್ಲಿ ಇರಬೇಕಾಯಿತು. ಓದುವುದಕ್ಕೂ ಯೋಚಿಸುವುದಕ್ಕೂ ಬೇಕಾದಷ್ಟು ವೇಳೆ ದೊರೆಯಿತು. ಆ ಯೋಚನೆಯ ಫಲವಾಗಿ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ. ಶಸ್ತ್ರಚಿಕಿತ್ಸೆಯ ಅರ್ಧಭಾಗ ಆಸ್ಪತ್ರೆಯಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉಳಿದರ್ಧ ಮನೆಯಲ್ಲಿ ಆರು ವಾರ ನಡೆಯುತ್ತದೆ. ಮೊದಲರ್ಧಕ್ಕೆ ವೈದ್ಯರುಂಟು, ದಾದಿಯರುಂಟು, ಸಹಿ ಮಾಡಿದ ಕಾಗದಪತ್ರಗಳುಂಟು. ಎರಡನೆಯ ಅರ್ಧಕ್ಕೆ ಹೊಣೆ ಯಾರು? ರೋಗಿ ಗಂಡಸಾದರೆ ಈ ಪ್ರಶ್ನೆ ಏಳುವುದೇ ಇಲ್ಲ. ಮನೆಯ ಹೆಂಗಸರಲ್ಲಿ ಒಬ್ಬರು ಹೊಣೆ. ರೋಗಿ ಮನೆಯ ಹೆಂಗಸೇ ಆದರೆ ಉತ್ತರ ಹೇಳುವುದಕ್ಕೆ ಎಲ್ಲರೂ ತಡಕಾಡುತ್ತಾರೆ.

ಮೊದಲು ಕಾಯಿಲೆಯ ಪರಿಚಯವನ್ನು ಮಾಡಿಕೊಡುತ್ತೇನೆ. ಇಂಗ್ಲಿಷಿನಲ್ಲಿ ಈ ಗಂಟಿಗೆ ‘ಬನಿಯನ್’ ಎಂದು ಹೆಸರು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಹೆಸರನ್ನು ಉಚ್ಚರಿಸಿದೊಡನೆ ಒಬ್ಬ ಹಿರಿಯ ಸಹೋದ್ಯೋಗಿಗಳು, ‘ಏನಮ್ಮಾ, ಬನಿಯನ್ನಿಗೂ ಶಸ್ತ್ರಚಿಕಿತ್ಸೆಯೇ? ಹರಿದರೆ ಹೊಸದು ಕೊಳ್ಳಬಾರದೇ?’ ಎಂದರು. ಕನ್ನಡದಲ್ಲಿ ಇದಕ್ಕೆಂದೇ ನೆಲೆಗೊಂಡ ಪದವಿಲ್ಲ. ಕಾಲಿನ ಗಂಟು ಎನ್ನುತ್ತೇವೆ, ಇಲ್ಲವೇ ತಪ್ಪಾಗಿ ಆಣಿ ಎನ್ನುತ್ತೇವೆ. ಆಣಿ ಚರ್ಮದ ಕಾಯಿಲೆ, ಇದು ಎಲುಬಿನದು. ವೈದ್ಯಶಾಸ್ತ್ರದಲ್ಲಿ ಇದನ್ನು ಹ್ಯಾಲಕ್ಸ್ ವ್ಯಾಲ್ಗಸ್ ಎನ್ನುತ್ತಾರೆ. ನಮ್ಮ ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ಹೆಬ್ಬೆರಳಿನ ಹಿಂದಿರುವ ಉದ್ದನೆಯ ಎಲುಬು ಪಾದದ ಒಳಬದಿಗೆ ವಾಲಿ, ಹೆಬ್ಬೆರಳು ಮಾತ್ರ ಪಕ್ಕದ ಬೆರಳುಗಳ ಮೇಲೆ ಬೀಳುವಂತೆ ಓರೆಯಾಗುತ್ತದೆ. ಇವೆರಡರ ನಡುವಣ ಕೋನ 15 ಡಿಗ್ರಿಯನ್ನು ಮೀರಿದರೆ ಅದು ಕಾಯಿಲೆಯ ಲೆಕ್ಕ. ಹೊರಗೆ ಕಾಣುವ ಗಂಟು ಹೊಸದಾಗಿ ಬೆಳೆದ ಎಲುಬೆಂದು ಎಲ್ಲರೂ ತಿಳಿಯುತ್ತಾರೆ. ಅದು ಬಹುಮಟ್ಟಿಗೆ ಹಳೆಯ ಎಲುಬೇ. ತನ್ನ ಜಾಗದಿಂದ ಸರಿದು ಹೊರಗೆ ಇಣುಕುತ್ತಿರುವುದು, ಅಷ್ಟೆ.

ಇದಕ್ಕೆ ಕಾರಣವೇನೆಂದು ಕೇಳಿದರೆ ಇತಿಹಾಸವೂ ಸ್ವಲ್ಪ ಸಾಕ್ಷಿ ಹೇಳುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಹಳೆಯ ಸ್ಮಶಾನಗಳಲ್ಲಿ ದೊರೆತ 177 ಅಸ್ಥಿಪಂಜರಗಳನ್ನು ಪರೀಕ್ಷಿಸಿದ ವಿದ್ವಾಂಸರು 2021ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. 11ರಿಂದ 13ನೆಯ ಶತಮಾನದವರೆಗಿನ ಜನರಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ ಈ ಗಂಟು ಇದ್ದಿತು. 14 ಮತ್ತು 15ನೆಯ ಶತಮಾನಗಳವರಲ್ಲಿ ಅದು ನೂರಕ್ಕೆ 27ಕ್ಕೆ ಏರಿತ್ತು. ನಡುವೆ ಏನಾಯಿತೆಂದರೆ, ತುದಿ ಚೂಪಾದ ಪಾದರಕ್ಷೆಗಳ ಶೋಕಿ ಬಂದಿತು. ಹಾಂಗ್‌ಕಾಂಗಿನಲ್ಲಿ ಪಾದರಕ್ಷೆ ತೊಡುವವರನ್ನೂ ತೊಡದವರನ್ನೂ ಹೋಲಿಸಿ 1958ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಡುವವರಲ್ಲಿ ನೂರಕ್ಕೆ 33, ಬರಿಗಾಲಿನವರಲ್ಲಿ ನೂರಕ್ಕೆ ಸುಮಾರು 2 ಎಂದು ಲೆಕ್ಕ ಸಿಕ್ಕಿತು. ಹಾಗೆಂದ ಮಾತ್ರಕ್ಕೆ ಎಲ್ಲ ಪಾಪವನ್ನೂ ಚಪ್ಪಲಿಯ ತಲೆಗೆ ಕಟ್ಟಲಾಗದು. ವಂಶಪಾರಂಪರ್ಯ ದೊಡ್ಡ ಕಾರಣ. ನನ್ನ ತಾಯಿಯವರ ಪಾದವೂ ಹೀಗೆಯೇ ಇದ್ದಿತು. ಸಂಧಿವಾತವುಳ್ಳವರಲ್ಲಿ ಇದು ಸಾಮಾನ್ಯ. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. ಈ ಕಡೆಯ ಮಾತನ್ನು ವಾಚಕರು ಗಮನದಲ್ಲಿಡಬೇಕು. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಗಂಟು ಇದ್ದವರೆಲ್ಲರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದ್ದಿಲ್ಲ. ಅಗಲವಾದ ಪಾದರಕ್ಷೆಯಿಂದಲೇ ಎಷ್ಟೋ ಜನ ನೆಮ್ಮದಿ ಕಾಣುತ್ತಾರೆ. ಅಂದಕ್ಕಾಗಿ ಅಲ್ಲ, ನೋವಿಗಾಗಿ ಮಾತ್ರ ಶಸ್ತ್ರಚಿಕಿತ್ಸೆ ಎಂಬುದು ವೈದ್ಯರ ಮತ. ಇದಕ್ಕೆ ಈವರೆಗೆ ನೂರಕ್ಕೂ ಮಿಕ್ಕ ವಿಧಾನಗಳನ್ನು ವರ್ಣಿಸಿದ್ದಾರೆ. ಯಾವುದಾದರೊಂದು ಎಲ್ಲರಿಗೂ ಒಪ್ಪುವಂತಿದ್ದರೆ ನೂರು ಏತಕ್ಕೆ ಬೇಕಿತ್ತು ಎಂದು ನನ್ನ ವೈದ್ಯರೇ ನಕ್ಕರು. ನನಗೆ ನಿಂತು ಪಾಠ ಹೇಳುವುದು ಅಸಾಧ್ಯವಾಗಿತ್ತು. ಎಲುಬನ್ನು ಕೊಯ್ದು, ಸರಿಯಾದ ಜಾಗಕ್ಕೆ ಸರಿಸಿ, ಎರಡು ಸಣ್ಣ ಟೈಟಾನಿಯಂ ಸ್ಕ್ರೂಗಳಿಂದ ಬಿಗಿದರು. ಮರುದಿನವೇ ಮನೆಗೆ ಕಳುಹಿಸಿದರು. ಕಳುಹಿಸುವಾಗ ಕೊಟ್ಟ ಅಪ್ಪಣೆಗಳು ಇವು: ಮೊದಲ ಎರಡು ವಾರ ದಿನದ ಬಹುಭಾಗ ಪಾದ ಹೃದಯದ ಮಟ್ಟಕ್ಕಿಂತ ಮೇಲಿರಬೇಕು, ಕಟ್ಟು ನೆನೆಯಕೂಡದು, ಓಡಾಡಲೇಬೇಕಾದರೆ ಗಟ್ಟಿ ಅಟ್ಟೆಯ ವಿಶೇಷ ಬೂಟನ್ನು ಹಾಕಿಕೊಂಡು ಹಿಮ್ಮಡಿಯ ಮೇಲೆ ಮಾತ್ರ ಭಾರ ಬಿಡಬೇಕು, ಎರಡು ವಾರಕ್ಕೆ ಹೊಲಿಗೆ ಬಿಚ್ಚುವುದು, ಆರು ವಾರಕ್ಕೆ ಎಕ್ಸ್-ರೇ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವಾದರೆ, ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಕೂಡಲೇ ಬರಬೇಕು. ಇಷ್ಟು ಹೇಳಿ ಅವರು ತಮ್ಮ ಕರ್ತವ್ಯವನ್ನು ಮುಗಿಸಿದರು. ಮನೆಯ ಕರ್ತವ್ಯ ಅಲ್ಲಿಂದ ಆರಂಭವಾಯಿತು.

ಈ ಆರು ವಾರವೆಂಬ ಲೆಕ್ಕ ವೈದ್ಯರ ಮನಸ್ಸಿಗೆ ತೋಚಿದ್ದಲ್ಲ. ಅದು ಎಲುಬಿನ ಪಂಚಾಂಗ. ಕೊಯ್ದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಮೆತ್ತನೆಯ ಬೆಸುಗೆ ಮೂಡುತ್ತದೆ. ಅದು ವಾರಗಳ ಮೇಲೆ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಒಳಗೊಳಗೇ ತಿದ್ದುಪಡಿ ನಡೆಯುತ್ತದೆ. ಊತ ಪೂರ್ತಿ ಇಳಿಯುವುದಕ್ಕೆ ಆರು ತಿಂಗಳೂ ಆಗಬಹುದು, ವರ್ಷವೂ ಆಗಬಹುದು. ನಾವು ಅವಸರ ಮಾಡಿದರೆ ಎಲುಬು ಅವಸರ ಮಾಡುವುದಿಲ್ಲ. ವಿಶ್ರಾಂತಿಯೂ ಒಂದು ಚಿಕಿತ್ಸೆಯೇ ಎಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ತಮ್ಮ ಉಪನ್ಯಾಸಗಳಲ್ಲಿ ವಾದಿಸಿ 1863ರಲ್ಲಿ ಅವುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಇದಕ್ಕೆ ಇನ್ನೊಂದು ಮುಖವೂ ಉಂಟು. 1947ರಲ್ಲಿ ರಿಚರ್ಡ್ ಆಷರ್ ಎಂಬ ಇಂಗ್ಲಿಷ್ ವೈದ್ಯರು, ಅನಾವಶ್ಯಕವಾಗಿ ಹಾಸಿಗೆ ಹಿಡಿದು ಮಲಗುವುದರಿಂದ ರಕ್ತ ಹೆಪ್ಪುಗಟ್ಟುವುದು, ಸ್ನಾಯು ಸೊರಗುವುದು ಮುಂತಾದ ಎಷ್ಟು ಕೇಡುಗಳಿವೆ ಎಂಬುದನ್ನು ಬರೆದು ತಮ್ಮ ವೃತ್ತಿಬಾಂಧವರನ್ನು ಎಚ್ಚರಿಸಿದರು. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಯೂಲಿಯಸ್ ವುಲ್ಫ್ 1892ರಲ್ಲಿಯೇ ಹೇಳಿದ್ದರು. ಆದ್ದರಿಂದ ವಿಶ್ರಾಂತಿಯೆಂದರೆ ಕೊರಡಿನಂತೆ ಬಿದ್ದುಕೊಂಡಿರುವುದಲ್ಲ. ಹೇಳಿದಷ್ಟು ನಡೆಯಬೇಕು, ಹೇಳಿದಾಗ ಬೆರಳನ್ನು ಬಗ್ಗಿಸಬೇಕು, ಉಳಿದ ಹೊತ್ತು ಕಾಲು ಮೇಲಿರಬೇಕು. ಔಷಧಕ್ಕೆ ಪ್ರಮಾಣವಿರುವಂತೆ ವಿಶ್ರಾಂತಿಗೂ ಪ್ರಮಾಣವುಂಟು. ಆದರೆ ಮಾತ್ರೆಯನ್ನು ಅಂಗಡಿಯಿಂದ ತರಬಹುದು. ವಿಶ್ರಾಂತಿಯನ್ನು ಮನೆಯವರು ಕೊಡಬೇಕು.

ಕೊಡುವುದು ಅಷ್ಟು ಸುಲಭವಲ್ಲ. ಮೊದಲ ತೊಡಕು ದಿಂಬಿನದು. ತಲೆದಿಂಬಿನ ಮೇಲೆ ಕಾಲಿಡಬಾರದು, ಹಿರಿಯರೆದುರು ಕಾಲು ನೀಡಿ ಕೂಡಬಾರದು, ದೇವರ ಮನೆಯ ಕಡೆಗೆ ಕಾಲು ಹಾಕಿ ಮಲಗಬಾರದು ಎಂಬ ಪಾಠಗಳನ್ನು ಕಲಿತ ಮೇಲೆಯೇ ನಾವು ಅ ಆ ಇ ಈ ಕಲಿತವರು. ಈಗ ಮೂರು ದಿಂಬುಗಳನ್ನು ಪೇರಿಸಿ, ಅವುಗಳ ಮೇಲೆ ಕಾಲನ್ನು ಪ್ರತಿಷ್ಠಾಪನೆ ಮಾಡಿ, ಎಪ್ಪತ್ತು ದಾಟಿದ ಅತ್ತೆಯವರ ಮುಖಕ್ಕೆ ಅಂಗಾಲನ್ನು ತೋರಿಸಿಕೊಂಡು ಮಲಗಬೇಕು. ಮೊದಲೆರಡು ದಿನ ಅವರು ಕೋಣೆಗೆ ಬಂದಾಗಲೆಲ್ಲ ನನ್ನ ಕಾಲು ತಾನಾಗಿಯೇ ಕೆಳಗಿಳಿಯುತ್ತಿತ್ತು. ಇಳಿದೊಡನೆ ಗಾಯ ದಡದಡನೆ ಬಡಿಯುತ್ತಿತ್ತು. ಮೂರನೆಯ ದಿನ ಅವರೇ ತಮ್ಮ ಹಾಸಿಗೆಯಿಂದ ಒಂದು ದಿಂಬನ್ನು ತಂದು ನನ್ನ ಕಾಲ ಕೆಳಗಿಟ್ಟು, ‘ಗಾಯಕ್ಕೆ ಮೇಲು ಕೀಳು ಏನಮ್ಮಾ? ಇಟ್ಕೋ’ ಎಂದರು. ಧರ್ಮಸೂಕ್ಷ್ಮವನ್ನು ಬಲ್ಲವರು ಹೀಗಿರುತ್ತಾರೆ. ಕಾಲುಂಗುರದ ವಿಷಯದಲ್ಲಿಯೂ ಅವರೇ ನನ್ನ ಬೆಂಬಲಕ್ಕೆ ನಿಂತರು. ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ತೆಗೆಯಿಸಿದ್ದರು. ಊತ ಇಳಿಯದೆ ಮತ್ತೆ ಹಾಕುವಂತಿರಲಿಲ್ಲ. ನೋಡಲು ಬಂದ ಬಂಧುಗಳೊಬ್ಬರು ಕೆನ್ನೆ ಬಡಿದುಕೊಂಡು ಅಪಶಕುನವೆಂದಾಗ, ‘ಅವಳ ಗಂಡ ಎದುರಿಗೇ ಕೂತು ಕಾಫಿ ಕುಡೀತಾ ಇದಾನೆ, ನೋಡಬಾರದೆ?’ ಎಂದು ಅತ್ತೆಯವರು ಬಾಯಿ ಮುಚ್ಚಿಸಿದರು.

ಎರಡನೆಯ ತೊಡಕು ‘ತಾನೇ’ ಎಂಬ ಅವ್ಯಯ. ‘ಕಾಲಿಗೆ ತಾನೇ ಆಗಿರುವುದು? ಕೈ ಚೆನ್ನಾಗಿದೆಯಲ್ಲ!’ ಈ ಒಂದು ವಾಕ್ಯವನ್ನು ನಾನು ಆರು ವಾರದಲ್ಲಿ ಎಷ್ಟು ಜನರ ಬಾಯಿಂದ ಕೇಳಿದೆನೋ ಲೆಕ್ಕವಿಡಲಿಲ್ಲ. ಜ್ವರ ಬಂದವರನ್ನು ಕಂಡರೆ ಮರುಕವುಂಟು. ಕಾಲಿಗೆ ಕಟ್ಟು ಕಟ್ಟಿಸಿಕೊಂಡು, ಮಾತನಾಡುತ್ತ, ನಗುತ್ತ, ಊಟಮಾಡುತ್ತ ಇರುವವರನ್ನು ಕಂಡರೆ ಅವರ ಕೈಗೆ ಏನಾದರೂ ಕೊಡೋಣ ಎನ್ನಿಸುತ್ತದೆ. ಮನೆಯಲ್ಲಿ ಕೂತು ಮಾಡಬಹುದಾದ ಕೆಲಸಗಳು ಎಷ್ಟಿವೆ ಎಂಬುದು ಆಗಲೇ ತಿಳಿಯುವುದು: ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಒಗೆದ ಬಟ್ಟೆ ಮಡಿಸುವುದು, ಅವರೆಕಾಯಿಯ ಕಾಲವಾದರಂತೂ ಕೇಳಬೇಡಿ. ಇವುಗಳಲ್ಲಿ ಒಂದೊಂದೂ ಸಣ್ಣ ಕೆಲಸವೇ. ಆದರೆ ಮಲಗಿ, ಕಾಲನ್ನು ಎದೆಗಿಂತ ಮೇಲಿಟ್ಟುಕೊಂಡು, ಅವರೆಕಾಯಿ ಸುಲಿಯುವ ವಿದ್ಯೆಯನ್ನು ಯಾರೂ ಕಂಡುಹಿಡಿದಿಲ್ಲ. ಕೆಲಸ ಬಂದೊಡನೆ ರೋಗಿ ಎದ್ದು ಕೂಡುತ್ತಾಳೆ, ಕೂತೊಡನೆ ಕಾಲು ಕೆಳಗಿಳಿಯುತ್ತದೆ, ಇಳಿದೊಡನೆ ಊದುತ್ತದೆ. ಕೂತು ಮಾಡುವ ಕೆಲಸ ಕೈಯ ಕೆಲಸವೆಂದು ಹೊರಗಿನವರಿಗೆ ತೋರುತ್ತದೆ. ಅದರ ಕೂಲಿಯನ್ನು ತೆರುವುದು ಕಾಲು.

ಮೂರನೆಯದು ನೋಡಲು ಬರುವವರ ಸಂಗತಿ. ಇವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಳನೀರು, ಮೋಸಂಬಿ, ಬಿಸ್ಕತ್ತು ಹಿಡಿದು ಬಂದು, ಕಾಲನ್ನು ದೂರದಿಂದ ನೋಡಿ, ತಮಗೆ ತಿಳಿದವರ ಕಾಲುಗಳ ಕಥೆಗಳನ್ನೆಲ್ಲ ಹೇಳಿ ಹೋಗುವ ಬಂಧುಗಳು ಇಲ್ಲದ ಮನೆ ಮನೆಯೇ ಅಲ್ಲ. ಒಬ್ಬರು ಪುತ್ತೂರು ಕಟ್ಟು ಕಟ್ಟಿಸಿದ್ದರೆ ಇಷ್ಟೆಲ್ಲ ಬೇಡವಾಗಿತ್ತು ಎಂದರು. ಇನ್ನೊಬ್ಬರು ಹರಳೆಣ್ಣೆ ಹಚ್ಚಿ ನೀವಿ ಎಂದರು. ಮತ್ತೊಬ್ಬರು ಗಾಯಕ್ಕೆ ಅರಿಶಿನ ಮೆತ್ತಲು ಹೇಳಿದರು. ಹೊಲಿಗೆ ಹಾಕಿದ ಗಾಯಕ್ಕೆ ವೈದ್ಯರು ಹೇಳದ ಯಾವುದನ್ನೂ ಮುಟ್ಟಿಸಬಾರದೆಂಬುದನ್ನು ಸಾರಿ ಹೇಳಬೇಕಾಗಿದೆ. ಆದರೆ ನನ್ನ ಪ್ರಶ್ನೆ ಬೇರೆ. ಬಂದವರಿಗೆ ಕಾಫಿ ಮಾಡುವವರು ಯಾರು? ಒಂದು ಭಾನುವಾರ ನಮ್ಮ ಮನೆಗೆ ಹನ್ನೊಂದು ಮಂದಿ ಬಂದರು. ನಾನು ಮಲಗಿದ್ದೆ, ಅತ್ತೆಯವರು ಒಲೆಯ ಮುಂದೆ ನಿಂತಿದ್ದರು. ರೋಗಿಯನ್ನು ನೋಡಲು ಬಂದವರು ಇನ್ನೊಬ್ಬ ರೋಗಿಯನ್ನು ತಯಾರು ಮಾಡಿ ಹೋಗುವುದು ಯಾವ ನ್ಯಾಯ?

ಇಲ್ಲಿಗೆ ನನ್ನ ಮುಖ್ಯ ವಿಷಯಕ್ಕೆ ಬಂದಂತಾಯಿತು. ಹೆಂಗಸಿಗೆ ವಿಶ್ರಾಂತಿ ಕೊಡುವುದು ನಮ್ಮ ಮನೆಗಳಿಗೆ ತಿಳಿಯದ ವಿದ್ಯೆಯೇನಲ್ಲ. ಒಂದು ಸಂದರ್ಭದಲ್ಲಿ ಅದನ್ನು ಬಹು ಚೆನ್ನಾಗಿ ಬಲ್ಲೆವು. ಅದೇ ಬಾಣಂತನ. ಹೆರಿಗೆಯಾದ ಮಗಳಿಗೆ ಒಂದು ಕೋಣೆ ಗೊತ್ತುಮಾಡುತ್ತಾರೆ. ಅವಳನ್ನು ನೋಡಿಕೊಳ್ಳಲು ಒಬ್ಬರು ನಿಲ್ಲುತ್ತಾರೆ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಕೊಬ್ಬರಿ-ಅಂಟಿನ ಉಂಡೆ ಎಲ್ಲಕ್ಕೂ ಹೊತ್ತು ಗೊತ್ತು. ತಿಂಗಳ ಲೆಕ್ಕ ಮೊದಲೇ ನಿಶ್ಚಯವಾಗಿರುತ್ತದೆ. ಅವಳು ನೀರು ಸೇದಿದರೆ ಬೈಯುತ್ತಾರೆ, ಪೊರಕೆ ಮುಟ್ಟಿದರೆ ಕಸಿದುಕೊಳ್ಳುತ್ತಾರೆ. ಬಾಣಂತಿಗೆ ನೀರು ಕಡಮೆ ಕೊಡುವುದೇ ಮೊದಲಾದ ಕೆಲವು ಪದ್ಧತಿಗಳನ್ನು ಇಂದಿನ ವೈದ್ಯರು ಒಪ್ಪರು, ಅವು ಹೋಗತಕ್ಕವೇ. ಆದರೆ ಒಟ್ಟು ಏರ್ಪಾಟನ್ನು ನೋಡಿ: ಒಂದು ಜಾಗ, ಒಬ್ಬ ಹೊಣೆಗಾರರು, ಒಂದು ಪಥ್ಯ, ಒಂದು ಅವಧಿ. ಎಲ್ಲಕ್ಕಿಂತ ಮಿಗಿಲಾಗಿ, ಮಲಗಿದವಳಿಗೆ ನಾಚಿಕೆಯಿಲ್ಲ, ದುಡಿಯುವವರಿಗೆ ಗೊಣಗಾಟವಿಲ್ಲ. ಯಾವ ಆಸ್ಪತ್ರೆಯೂ ಇದಕ್ಕಿಂತ ಅಚ್ಚುಕಟ್ಟಾದ ಯೋಜನೆಯನ್ನು ಹಾಕಲಾರದು. ಸರ್ಕಾರವೂ ಇದನ್ನು ಮನ್ನಿಸಿದೆ: 1961ರ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿ, ಮೊದಲೆರಡು ಮಕ್ಕಳಿಗೆ 12 ವಾರದ ರಜೆಯನ್ನು 26 ವಾರಕ್ಕೆ ಏರಿಸಿದರು.

ಮಗುವನ್ನು ಹೆತ್ತಾಗ ಸಿಗುವ ಈ ಏರ್ಪಾಟು ಅದೇ ಹೆಂಗಸು ಐವತ್ತನೆಯ ವಯಸ್ಸಿನಲ್ಲಿ ಕಾಲು ಕೊಯಿಸಿಕೊಂಡು ಬಂದಾಗ ಏಕೆ ಸಿಗುವುದಿಲ್ಲ? ಬಾಣಂತನ ನಡೆಯುವುದು ತಾಯಿಗಾಗಿಯೇ, ಇಲ್ಲ ಅವಳು ತಂದ ಮಗುವಿಗಾಗಿಯೇ? ಕಹಿಯಾದ ಪ್ರಶ್ನೆ, ಆದರೂ ಕೇಳಬೇಕಾದದ್ದು. ಕಣ್ಣಿನ ಪೊರೆಯಾಗಲಿ, ಗರ್ಭಕೋಶವಾಗಲಿ, ಮೊಣಕಾಲಾಗಲಿ, ಹೆಬ್ಬೆರಳಾಗಲಿ, ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರಿಗೂ, ಗಂಡಸು ಹೆಂಗಸೆನ್ನದೆ, ಮನೆಯಲ್ಲಿ ಒಂದು ಬಾಣಂತನ ನಡೆಯಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುತ್ತದೆ. ಅದು ಹಣದ ಮಾತು. ಮನೆಯ ಹಾಸಿಗೆ ಎಷ್ಟೇ ಉದ್ದವಿದ್ದರೂ ಕಾಲು ಚಾಚುವ ಹಕ್ಕು ಎಲ್ಲರಿಗೂ ಸಮವಾಗಿ ಇದೆಯೇ ಎಂಬುದನ್ನು ಗಾದೆ ಕಟ್ಟಿದವರು ಕೇಳಲಿಲ್ಲ.

ಕೆಲವರು ಆಕ್ಷೇಪಿಸಬಹುದು: ಈಗ ಗ್ಯಾಸ್ ಒಲೆಯುಂಟು, ಮಿಕ್ಸಿಯುಂಟು, ಬಟ್ಟೆ ಒಗೆಯುವ ಯಂತ್ರವುಂಟು, ಹೆಂಗಸರಿಗೆ ಅಷ್ಟು ಕೆಲಸವೆಲ್ಲಿ? ಉತ್ತರವಾಗಿ ಸರ್ಕಾರದ ಅಂಕಿಗಳನ್ನೇ ಕೊಡುತ್ತೇನೆ. 2019ರಲ್ಲಿ ಇಡೀ ದೇಶದಲ್ಲಿ ಜನ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ತೊಡಗಿದ ಗಂಡಸರು 97 ನಿಮಿಷ. ಗಂಡಸರಲ್ಲಿ ತೊಡಗುವವರೇ ನಾಲ್ವರಲ್ಲಿ ಒಬ್ಬರಷ್ಟು ಎಂಬುದನ್ನೂ ಮರೆಯಬಾರದು. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಈ ಅಂಕಿಗಳು 289 ಮತ್ತು 88 ಆಗಿದ್ದವು. ಐದು ವರ್ಷದಲ್ಲಿ ಹೆಂಗಸರಿಗೆ 10 ನಿಮಿಷ ಉಳಿಯಿತು. ಗಂಡಸರಿಗೂ 9 ನಿಮಿಷ ಉಳಿಯಿತು! ದಿನಕ್ಕೆ ಐದು ಗಂಟೆಗೆ ಸಮೀಪವಾದ ಈ ದುಡಿಮೆ ಒಂದು ಬೆಳಗ್ಗೆ ಹಠಾತ್ತನೆ ನಿಂತರೆ ಆ ಜಾಗವನ್ನು ತುಂಬುವವರು ಯಾರೆಂಬುದನ್ನು ಯಾವ ಮನೆಯೂ ಮೊದಲೇ ಯೋಚಿಸಿರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕವಾದದ್ದು. ಬಾಣಂತನ ಮಾಡುವವರೂ ಹೆಂಗಸರೇ. ಒಬ್ಬಳ ಹೊರೆ ಇನ್ನೊಬ್ಬಳ ತಲೆಗೆ ಹೋಯಿತು, ಅಷ್ಟೇ ಅಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ನಾನು ಪುಸ್ತಕದಿಂದ ಹೇಳಲಾರೆ. ಮಲಗಿದವರಿಗೆ ಮನೆಯವರ ಮುಖಕ್ಕಿಂತ ಅವರ ಕಾಲುಗಳು ಹೆಚ್ಚಾಗಿ ಕಾಣುತ್ತವೆ. ಎರಡನೆಯ ವಾರದ ಒಂದು ಮಧ್ಯಾಹ್ನ ಅತ್ತೆಯವರು ನನಗೆ ಊಟ ತಂದಿಟ್ಟು ಹಿಂದಿರುಗುವಾಗ ಅವರ ಪಾದಗಳನ್ನು ನೋಡಿದೆ. ಎರಡು ಕಾಲಿನಲ್ಲಿಯೂ ನನ್ನದಕ್ಕಿಂತ ದೊಡ್ಡ ಗಂಟುಗಳು. ಎಡಗಾಲಿನಲ್ಲಿ ಎರಡನೆಯ ಬೆರಳು ಹೆಬ್ಬೆರಳ ಮೇಲೇರಿ ಕುಳಿತಿತ್ತು. ಹೊರಬಾಗಿಲ ಬಳಿ ಅವರು ಬಿಡುವ ಚಪ್ಪಲಿಯ ಪಕ್ಕವನ್ನು ಗಂಟಿಗೆ ಜಾಗವಾಗುವಂತೆ ಬ್ಲೇಡಿನಿಂದ ಕೊಯ್ದಿತ್ತು. ಕೊಯ್ದವರು ಅವರೇ. ನೋಯುತ್ತದೆಯೇ ಎಂದು ಕೇಳಿದೆ. ಚಳಿಗಾಲದಲ್ಲಿ ಜಾಸ್ತಿ ಎಂದರು. ಹಾಗಾದರೆ ನೀವೂ ವೈದ್ಯರಿಗೆ ತೋರಿಸಿ ಎಂದಾಗ ಅವರು ತಟ್ಟೆಯನ್ನು ಎತ್ತಿಕೊಂಡು ನಗುತ್ತಲೇ ಹೇಳಿದರು: ‘ನಿನ್ನ ಬಾಣಂತನ ಮಾಡೋಕೆ ನಾನಿದ್ದೆ. ನನ್ನದು ಮಾಡೋಕೆ ಯಾರಿದ್ದಾರೆ, ಹೇಳು?’

ಈ ಮಾತನ್ನು ನಮ್ಮ ಯಜಮಾನರೂ ಮಗನೂ ಊಟದ ಮನೆಯಿಂದ ಕೇಳಿಸಿಕೊಂಡರು. ಆ ಸಂಜೆ ಯಾರೂ ಭಾಷಣ ಮಾಡಲಿಲ್ಲ. ಮರುದಿನದಿಂದ ರಾತ್ರಿಯ ಅಡುಗೆ ಯಜಮಾನರದ್ದಾಯಿತು, ಪಾತ್ರೆ ಮಗನದ್ದಾಯಿತು. ಮೊದಲ ದಿನದ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯ ವಾರಕ್ಕೆ ಸಾರು ಸಾರಿನಂತಾಯಿತು. ಹುಟ್ಟಿನಿಂದ ಬರುವುದೆಂದು ನಾವು ತಿಳಿದಿರುವ ಈ ವಿದ್ಯೆ ಹದಿನೈದು ದಿನದ ಅಭ್ಯಾಸದಿಂದ ಐವತ್ತೈದು ವರ್ಷದ ಗಂಡಸಿಗೂ ಬರುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಎರಡನೆಯ ಆಕ್ಷೇಪಣೆಗೆ ನನ್ನ ಉತ್ತರ ಇದೇ: ಬಾಣಂತನ ಉಳಿಯಬೇಕು, ಅದನ್ನು ಮಾಡುವ ಕೈ ಮಾತ್ರ ಬದಲಾಗಬೇಕು. ಅತ್ತೆಯವರನ್ನು ವೈದ್ಯರಲ್ಲಿಗೆ ಕರೆದೊಯ್ಯುವ ದಿನ ಗೊತ್ತಾಗಿದೆ. ಅವರ ವಯಸ್ಸಿಗೆ ಶಸ್ತ್ರಚಿಕಿತ್ಸೆ ಬೇಕೋ, ಅಗಲವಾದ ಪಾದರಕ್ಷೆ ಸಾಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಆದರೆ ಮಾಡೋಕೆ ಯಾರಿದ್ದಾರೆ ಎಂಬ ಪ್ರಶ್ನೆ ವೈದ್ಯರದ್ದಲ್ಲ. ಅದಕ್ಕೆ ನಾವು ಮೂವರೂ ಉತ್ತರ ಹೇಳಬೇಕು.

ಹೀಗಿರುವುದರಿಂದ ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಂಚೆಯೇ ಮನೆಯವರೆಲ್ಲ ಒಂದೆಡೆ ಕೂತು ಲೆಕ್ಕ ಹಾಕುವುದು ಮೇಲು. ಯಾವ ಯಾವ ಕೆಲಸವುಂಟು, ಯಾವುದನ್ನು ಯಾರು ಮಾಡುವುದು ಎಂದು ಹೆಸರು ಹಿಡಿದು ಹೇಳಬೇಕು. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಕಟ್ಟು ನೆನೆಯದಂತೆ ಕಾಲಿಗೆ ಸುತ್ತಲು ಒಂದು ಚೀಲ, ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ದೀಪ, ಎಡವದಂತೆ ಹೊಸ್ತಿಲಿನ ಬಳಿ ಖಾಲಿ ನೆಲ, ಕೂತೇಳಲು ಕಮೋಡು: ಇಷ್ಟು ಸಿದ್ಧವಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ನೋಡಲು ಬರುವವರು ಕಾಫಿ ಕುಡಿದು ಹೋಗುವ ಬದಲು ಮನೆಯವರಿಗೂ ಸೇರಿಸಿ ಒಂದು ಡಬ್ಬಿ ಸಾರು ತಂದರೆ ಅದು ಹತ್ತು ಮೋಸಂಬಿಗೆ ಸಮ. ಅವಧಿ ಎಷ್ಟೆಂಬುದನ್ನು ಎಕ್ಸ್-ರೇ ಹೇಳಲಿ. ನೆಂಟರಿಷ್ಟರು ಹೇಳುವುದು ಬೇಡ.

ನನ್ನಂಥ ಸರ್ಕಾರಿ ನೌಕರರು ಅರ್ಧವೇತನದ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿಸಿಕೊಂಡು ಪೂರ್ತಿ ಸಂಬಳದೊಡನೆ ಮಲಗಬಹುದು. ನಮ್ಮ ಮನೆಯಲ್ಲಿ ಕಸ ಮುಸುರೆ ಮಾಡುವಾಕೆಗೆ ಆ ಭಾಗ್ಯವಿಲ್ಲ. ದಿನಕ್ಕೆ ಐದು ಮನೆ ಸುತ್ತುವ ಅವಳ ಕಾಲಿಗೇನಾದರೂ ಆದರೆ ಆರು ವಾರದ ಕೂಲಿಯನ್ನು ಕೊಡುವವರಾರು? ಕೆಲಸ ಮಾಡಿಸಿಕೊಳ್ಳುವ ಮನೆಗಳು ಕೊಡಬೇಕೆಂದು ನಾನು ಹೇಳುತ್ತೇನೆ. ಐದು ಮನೆಯವರು ಹಂಚಿಕೊಂಡರೆ ಅದು ಯಾರಿಗೂ ಭಾರವಾಗುವ ಮೊತ್ತವಲ್ಲ. ತಮ್ಮ ಮನೆಯ ಬಾಣಂತನಕ್ಕೆ ಅವಳ ಕೈಯನ್ನು ನೆಚ್ಚಿದವರು ಅವಳ ಬಾಣಂತನಕ್ಕೆ ತಮ್ಮ ಕೈಯನ್ನು ಸ್ವಲ್ಪ ಸಡಿಲಿಸಬೇಡವೇ?

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಬಹುಮಂದಿಗೆ ಈ ಕಾಯಿಲೆ ಇನ್ನೂ ದೂರದ ಮಾತು. ಆದರೆ ನಿಮ್ಮ ಮನೆಗಳಲ್ಲಿ ತಾಯಿಯೋ ಅಜ್ಜಿಯೋ ಇರುತ್ತಾರೆ. ಹಬ್ಬದ ದಿನ ನಮಸ್ಕಾರ ಮಾಡುವಾಗ ಮಾತ್ರವಲ್ಲದೆ, ಒಂದು ಸಾಧಾರಣ ದಿನವೂ ಅವರ ಪಾದವನ್ನು ನೋಡಿ. ನೋಯುತ್ತದೆಯೇ ಎಂದು ಕೇಳಿ. ‘ಏನಿಲ್ಲ’ ಎಂಬ ಉತ್ತರ ಬರುವುದು ನಿಶ್ಚಯ. ಎರಡನೆಯ ಸಲ ಕೇಳಿ. ಆಮೇಲೆ ಅಡುಗೆಮನೆಗೆ ಹೋಗಿ, ಒಂದು ಪಾವು ಅಕ್ಕಿಗೆ ನೀರೆಷ್ಟು ಎಂಬುದನ್ನು ಕಲಿತುಕೊಳ್ಳಿ. ಆ ವಿಷಯದ ಪರೀಕ್ಷೆ ಯಾವ ದಿನ ಬರುತ್ತದೆಂಬುದನ್ನು ಯಾವ ವಿಶ್ವವಿದ್ಯಾನಿಲಯವೂ ಮೊದಲೇ ಪ್ರಕಟಿಸುವುದಿಲ್ಲ.